ಮುರುಗಲು ಬೀಜ ಎಸೆಯಬೇಡ

ಏ, ಆ ಬೀಜ ಗೊಬ್ಬರದ ಗುಂಡಿಗೆ ಸುರೀಬೇಡ ಮಾರಾಯ್ತಿ! ಸಿಪ್ಪೆ ಒಣಗಿಸಿ ಸಾರಿಗೆ ಇಟ್ಟುಕೊಂಡೆ, ಪಾನಕಕ್ಕೂ ಮಾಡಿಕೊಂಡೆ, ಸರಿ. ಆದರೆ ಮುರುಗಲು ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಕೊಬ್ಬೇ ಇರ್ತದೆ. ಪೇಟೆಯ ದುಬಾರಿ ಕ್ರೀಮಿನ ಡಬ್ಬಿ ಮೇಲೆ ‘ಕೋಕಮ್ ಬಟರ್’ ಅಂತ ಬರೆದಿರ್ತಾರಲ್ಲ, ಅದು ನಮ್ಮ ಮುರುಗಲು ತುಪ್ಪವೇ.

ಮಳೆ ಹಿಡಿಯೋದರೊಳಗೆ ಬೀಜ ತೊಳೆದು ಚೆನ್ನಾಗಿ ಒಣಗಿಸಿಕೋ. ಜಜ್ಜಿ, ಹೊಟ್ಟು ಕೇರಿ, ತಿರುಳು ನುಣ್ಣಗೆ ಅರೆದು ನೀರಲ್ಲಿ ಕುದಿಸು. ಕೊಬ್ಬು ಮೇಲೆ ತೇಲ್ತದೆ. ಅದನ್ನ ಸೌಟಲ್ಲಿ ತೆಗೆದು ಬೇರೆ ಪಾತ್ರೆಯಲ್ಲಿ ಸಣ್ಣ ಉರಿಗೆ ಮತ್ತೆ ಕಾಯಿಸು. ಚಟಪಟ ಸದ್ದು ಪೂರ್ತಿ ನಿಲ್ಲಬೇಕು. ಸದ್ದು ಇದೆ ಅಂದರೆ ಒಳಗೆ ನೀರಿದೆ ಅಂತಲೇ ಲೆಕ್ಕ. ಆರಿದ ಮೇಲೆ ಗಟ್ಟಿಯಾಗ್ತದೆ, ಉಂಡೆ ಕಟ್ಟಿಡು.

ಬರೀ ಉಂಡೆಯನ್ನೇ ಬಿಸಿ ತಾಗಿಸಿ ಒಡೆದ ಹಿಮ್ಮಡಿಗೆ ತಿಕ್ಕಬಹುದು. ಚಳಿಗಾಲದಲ್ಲಿ ಮಾತ್ರ ಕಲ್ಲಾಗಿಬಿಡ್ತದೆ, ಅದಕ್ಕೇ ಮುಲಾಮು ಮಾಡೋದು. ಒಂದೆಲಗವನ್ನ ನೆರಳಲ್ಲಿ ಪುಡಿಯಾಗೋ ಹಾಗೆ ಒಣಗಿಸಿ, ತೆಂಗಿನೆಣ್ಣೆಗೆ ಹಾಕಿ, ಆ ಪಾತ್ರೆಯನ್ನ ಬಿಸಿನೀರಿನ ಪಾತ್ರೆಯೊಳಗೆ ಒಂದೆರಡು ತಾಸು ಇಡು. ನೇರ ಉರಿಗೆ ಇಡಬೇಡ, ಸೊಪ್ಪು ಕರಟ್ತದೆ. ಒಣ ಬಟ್ಟೆಯಲ್ಲಿ ಸೋಸು. ನಾಲ್ಕು ಚಮಚ ಎಣ್ಣೆಗೆ ಎರಡು ಚಮಚ ಮುರುಗಲು ತುಪ್ಪ, ಒಂದು ಚಮಚ ತುರಿದ ಜೇನುಮೇಣ. ಮೇಣ ಕರಗೋಕೆ 60 ಡಿಗ್ರಿ ದಾಟಿದ ಬಿಸಿ ಬೇಕು, ತಾಳ್ಮೆಯಿಂದ ಕದಡು. ತಣ್ಣನೆ ತಟ್ಟೆ ಮೇಲೆ ಒಂದು ಹನಿ ಬಿಟ್ಟು ನೋಡು. ಗಟ್ಟಿಯಾಯ್ತೋ, ಎಣ್ಣೆ ಹಾಕು. ಹರೀತೋ, ಮೇಣ ಹಾಕು.

ಲೋಳೆಸರ ಹಾಕಲಾ ಅಂತೀಯಾ? ಬೇಡವೇ ಬೇಡ! ಅದರ ತುಂಬ ನೀರು, ವಾರದೊಳಗೆ ಬೂಷ್ಟು ಹಿಡಿದರೂ ಹಿಡೀತು. ಹಸಿ ಸೊಪ್ಪೂ ಹಾಗೇ. ನಿಂಬೆರಸ ಅಂತೂ ಚರ್ಮದ ಹತ್ತಿರ ತರಬೇಡ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಬೊಬ್ಬೆ ಏಳ್ತದೆ. ಕಂಡಕಂಡ ಬೇರು ನಾರೆಲ್ಲ ಒಂದೇ ಡಬ್ಬಿಗೆ ತುಂಬೋದು ನನಗೆ ಒಪ್ಪೋದಿಲ್ಲ. ಯಾವುದು ಹಿಡಿಸಲಿಲ್ಲ ಅಂತ ಆಮೇಲೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು. ಈ ಜಿಡ್ಡು ಚರ್ಮಕ್ಕೆ ತಾನಾಗಿ ಪಸೆ ಕೊಡೋದಿಲ್ಲ, ಇರೋ ಪಸೆ ಆರದ ಹಾಗೆ ಹಿಡಿದಿಡ್ತದೆ ಅಷ್ಟೇ. ಅದಕ್ಕೇ ರಾತ್ರಿ ಉಗುರು ಬೆಚ್ಚಗಿನ ನೀರಲ್ಲಿ ಕಾಲು ಅದ್ದಿ, ಒತ್ತಿ ಒರೆಸಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೋ. ಅಡಿಕೆ ಸುಲಿಯೋ ಕಾಲಕ್ಕೆ ಬೆರಳು ಬಿರೀತಾವಲ್ಲ, ಅದಕ್ಕೂ ಒಳ್ಳೇದು. ತೋಟ, ಕೊಟ್ಟಿಗೆ, ಬಚ್ಚಲು ಅಂತ ದಿನವಿಡೀ ನೀರಲ್ಲಿ ನಿಲ್ಲೋರು ನಾವೇ, ಮಲಗೋ ಮುಂಚೆ ನಮ್ಮ ಕಾಲಿಗೂ ಐದು ನಿಮಿಷ ಬೇಡವಾ?

ಮೊದಲು ಮೊಣಕೈ ಒಳಮಗ್ಗುಲಿಗೆ ಚೂರು ಹಚ್ಚಿ ಒಂದು ದಿನ ಕಾದು ನೋಡು. ಮೊಡವೆ ಏಳೋ ಮುಖಕ್ಕೆ ಬೇಡ, ತೆಂಗಿನೆಣ್ಣೆ ರಂಧ್ರ ಕಟ್ಟಿಸ್ತದೆ. ನಿಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಅಲ್ಲವಾ? ಅವರ ಹಿಮ್ಮಡಿ ಒಡೆದು ರಕ್ತ ಬರ್ತಿದ್ದರೆ ಮುಲಾಮು ಗಿಲಾಮು ಅಂತ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಹೂಂ, ಆ ಬೀಜದ ಬುಟ್ಟಿ ಇತ್ತ ಕೊಡು. ನಮ್ಮ ಅಂಗಳದಲ್ಲಿ ಬಿಸಿಲು ಜಾಸ್ತಿ, ನಾನೇ ಹರಡ್ತೇನೆ.