ಬೀಗರಂಥ ಮೋಟಾರು

ಮಲೆನಾಡಿನ ಒಂಟಿಮನೆಯ ಬಡಗಿಗೆ ಸೋಲಾರ್ ಬಂತೆಂದರೆ ಬಲ್ಬು, ಫ್ಯಾನಿಗೆ ಮನಸ್ಸು ತುಂಬುವುದಿಲ್ಲ. ಕಣ್ಣೆಲ್ಲ ಗರಗಸದ ಮೋಟಾರಿನ ಮೇಲೆ. 1 ಎಚ್‌ಪಿ ಅಂದರೆ 746 ವ್ಯಾಟ್ ತಾನೇ, 1,000 ವ್ಯಾಟಿನ ಇನ್ವರ್ಟರ್ ಧಾರಾಳವಾಯಿತು ಎಂಬುದು ಕಾಗದದ ಲೆಕ್ಕ. ಇಂಡಕ್ಷನ್ ಮೋಟಾರು ಬೀಗರ ಹಾಗೆ: ಕೂತಮೇಲೆ ಕೇಳುವುದು ಕಡಿಮೆ, ಬಾಗಿಲಲ್ಲೇ ಐದಾರು ಪಟ್ಟು ಮರ್ಯಾದೆಯಾಗಬೇಕು. ಶುರುವಾಗುವ ಆ ಅರೆಗಳಿಗೆಯ ಕರೆಂಟಿಗೆ ಇನ್ವರ್ಟರ್ ‘ಕೀಂ’ ಎಂದು ಮಲಗಿಬಿಡುತ್ತದೆ. ಮೂರು ಫೇಸಿನ ಮೋಟಾರಿಗೆ ವೇಗವನ್ನು ಹಿಡಿತದಲ್ಲಿಡುವ ವಿಎಫ್‌ಡಿ ಹಾಕಿದರೆ ಮೆಲ್ಲಗೆ ತಿರುಗತೊಡಗುತ್ತದೆ, ನಿಜ. ಅದರ ಬೆಲೆ ಕೇಳಿ ಬಡಗಿ ಮಲಗದಿದ್ದರೆ ಸಾಕು. ಮಧ್ಯಾಹ್ನ ಗರಗಸ ಓಡುವಾಗ ಅಡುಗೆಮನೆಯಲ್ಲಿ ಮಿಕ್ಸಿ ನಿಷಿದ್ಧ, ಚಟ್ನಿ ಒರಳಿಗೆ. ಆಷಾಢದಲ್ಲಿ ಮಂಚಕ್ಕೆ ಆರ್ಡರ್ ಕೊಟ್ಟವರಿಗೆ ಉತ್ತರ ಸಿದ್ಧ: “ಬಿಸ್ಲು ಬರ್ಲಿ ಸ್ವಾಮಿ, ಇನ್ನೊಂದೇ ಕಾಲು ಬಾಕಿ!”