ಅಮಾಸಿಗೂ ಅಬ್ದುಲ್ ಖಾದರನಿಗೂ

ಅಮಾವಾಸ್ಯೆಗೂ ಅಬ್ದುಲ್ ಖಾದರನಿಗೂ ಎಲ್ಲಿಯ ಸಂಬಂಧ ಅಂತ ಗಾದೆ ಕಟ್ಟಿದ ಪುಣ್ಯಾತ್ಮರು ಬೀದರ ಕಡೆಯವರಂತೂ ಆಗಿರಲಿಕ್ಕಿಲ್ಲ. ಆಗಿದ್ದರೆ, ಅದರಲ್ಲೂ ಆ ಅಬ್ದುಲ್ ಖಾದರ್ ಮೀನು ಮಾರುವವನಾಗಿದ್ದರೆ, ಗಾದೆ ಬಾಯಿಂದ ಹೊರಬೀಳುವ ಮೊದಲೇ ಖಾದರ್‌ಭಾಯಿ ತಕ್ಕಡಿ ಕೆಳಗಿಟ್ಟು ಕೈ ಮುಗಿದುಬಿಡುತ್ತಿದ್ದ: "ಸಂಬಂಧ ಇಲ್ಲ ಅನ್ನಬ್ಯಾಡ್ರಿ ಸಾಹೇಬ್ರ, ನನ್ನ ಧಂದಾನೇ ಅದರ ಮ್ಯಾಲ ನಿಂತದ."

ಕಡಲ ಕಡೆಯವರಿಗೆ ಚಂದ್ರನಿಗೂ ಮೀನಿಗೂ ಇರುವ ನಂಟು ಬಾಯಿಪಾಠ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರ ಒಂದೇ ಗೆರೆಗೆ ಬಂದು ಕಡಲನ್ನು ಎಳೆಯುತ್ತಾರೆ. ಭರತವೂ ಜೋರು, ಇಳಿತವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಒಬ್ಬ ಅತ್ತ, ಒಬ್ಬ ಇತ್ತ, ನೀರು ಸಪ್ಪೆ. ಅಳಿವೆಯ ಬಾಯಲ್ಲಿ ನೀರಿನ ಜೊತೆ ಮೀನೂ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ, ಬಲೆ ಹಾಕುವವರು ತಿಥಿ ನೋಡಿಯೇ ಹೊರಡುತ್ತಾರೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸುವುದೂ ಉಂಟು. ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಕುಂದಾಪುರದ ಕಡೆಯ ಸ್ನೇಹಿತರೊಬ್ಬರು ನನ್ನನ್ನು ಕನಿಕರದಿಂದ ನೋಡಿ, "ನಿಮ್ಮಲ್ಲಿ ಮೀನು ಇದೆಯಾ?" ಅಂತ ಕೇಳುತ್ತಾರೆ.

ಇದೆ ಸ್ವಾಮಿ. ಮೀನು ಮಾತ್ರವಲ್ಲ, ಮೀನಿನ ವಿಶ್ವವಿದ್ಯಾಲಯವೂ ಇದೆ. ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲೆ ಕೂತ ನಮ್ಮ ಬೀದರದ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇದೆ. 2004ರ ಕಾಯ್ದೆಯಿಂದ ಹುಟ್ಟಿದ್ದು. ಮೀನುಗಾರಿಕೆ ಕಾಲೇಜು 1969ರಿಂದಲೂ ಮಂಗಳೂರಿನಲ್ಲಿದೆ, ಅದು ಬೇರೆ ಮಾತು. ಮೀನು ಅಲ್ಲಿ, ಮೊಹರು ಇಲ್ಲಿ. ಬಂಗಡೆ ಬೂತಾಯಿ ಓದಿದ ಹುಡುಗರ ಪದವಿಗೆ ಜೋಳದ ರೊಟ್ಟಿಯ ಊರಿನ ಮುದ್ರೆ ಬೀಳುತ್ತದೆ ಅನ್ನುವ ಹೆಮ್ಮೆ ನಮಗೆ ಸಾಕು.

ಚಂದ್ರನ ಎಳೆತದ ಮಾತಿಗೆ ಬಂದರೆ ನಮ್ಮ ಪಾಲಿಗೆ ಏನೂ ಉಳಿದಿಲ್ಲ. ಅಮೆರಿಕ, ಕೆನಡಾಗಳ ನಡುವಿನ ಆ ಮಹಾಸರೋವರಗಳಲ್ಲೇ ದೊಡ್ಡ ಉಬ್ಬರ ಅಂದರೆ 5 ಸೆಂಟಿಮೀಟರ್ ಮುಟ್ಟುವುದಿಲ್ಲ. ನಮ್ಮ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರದ ಕಾರಂಜಾ ಜಲಾಶಯ ತುಂಬಿ ತುಳುಕಿದರೂ 7.69 ಟಿಎಂಸಿ. ಅಲ್ಲಿ ಹುಣ್ಣಿಮೆಯ ಚಂದ್ರ ಎಬ್ಬಿಸುವ ಉಬ್ಬರಕ್ಕಿಂತ ಮಧ್ಯಾಹ್ನ ನೀರಿಗಿಳಿದ ಎರಡು ಎಮ್ಮೆ ಎಬ್ಬಿಸುವ ಉಬ್ಬರ ದೊಡ್ಡದು. ಬೀದರದ ಪಾಪನಾಶ ಕೆರೆಯ ಲೆಕ್ಕ ಕೇಳಲೇಬೇಡಿ.

ಹಾಗಂತ ನಮ್ಮಲ್ಲಿ ಭರತ ಇಳಿತ ಇಲ್ಲವೇ ಇಲ್ಲ ಅನ್ನಬೇಡಿ. ಇದೆ, ಆದರೆ ಅದರ ಚಂದ್ರ ಬೇರೆ. ಆ ಚಂದ್ರನ ಹೆಸರು ಧನೇಗಾಂವ. ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡದಲ್ಲಿ ಹುಟ್ಟುವ ಮಾಂಜ್ರಾ ನದಿಗೆ ಧನೇಗಾಂವದಲ್ಲಿ ಕಟ್ಟಿದ ಅಣೆಕಟ್ಟಿನ ಗೇಟು ಎತ್ತಿದರೆ, ಲಾತೂರು ದಾಟಿ ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಿಗೆ ಉಬ್ಬರ ಬಂತೆಂದೇ ಲೆಕ್ಕ. ಬ್ಯಾರೇಜಿನ ಹಲಗೆ ತೆಗೆಯುವವರು ಒಂದು ಕಡೆ ಓಡುತ್ತಾರೆ, ಬಲೆ ಹೆಗಲಿಗೆ ಹಾಕಿಕೊಂಡವರು ಇನ್ನೊಂದು ಕಡೆ. ಸೋಯಾ ಮುಳುಗಿತೆಂದು ಅಳುವವನ ಹೊಲದ ಬದುವಿನಲ್ಲೇ ಒಬ್ಬ ಮೊಣಕಾಲುದ್ದ ನೀರಲ್ಲಿ ನಿಂತು ಮೀನು ಆಯುತ್ತಿರುತ್ತಾನೆ. ಈ ಚಂದ್ರನಿಗೆ ಪಂಚಾಂಗ ಇಲ್ಲ, ವಾಟ್ಸ್‌ಆ್ಯಪ್ ಇದೆ. ಗ್ರಹಣವೂ ಉಂಟು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರನ್ನು ಮೀರಜ್‌ನಿಂದ ರೈಲಿನಲ್ಲಿ ತಂದರಲ್ಲ, ಆ ವರ್ಷ ಆಕಾಶದ ಹುಣ್ಣಿಮೆ ಒಂದೂ ತಪ್ಪಲಿಲ್ಲ. ತಪ್ಪಿದ್ದು ನದಿಯ ನೀರು. ನೀರೇ ಇಲ್ಲದ ಮೇಲೆ ಮೀನಿಗೆ ಯಾವ ತಿಥಿ?

ಮೊಟ್ಟೆ ಇಡುವ ವಿಷಯದಲ್ಲೂ ನಮ್ಮ ಮೀನುಗಳು ಚಂದ್ರನನ್ನು ಅಷ್ಟಾಗಿ ಲೆಕ್ಕಕ್ಕಿಟ್ಟಿಲ್ಲ. ಆಸ್ಟ್ರೇಲಿಯಾದ ಹವಳಗಳು ಹುಣ್ಣಿಮೆಯಾಗಿ ಕೆಲವು ರಾತ್ರಿಗಳಲ್ಲಿ ಸಾಮೂಹಿಕವಾಗಿ ಮೊಟ್ಟೆ ಬಿಡುತ್ತವಂತೆ, ಸರಿ. ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಬೇಕಾದದ್ದು ಮುಂಗಾರಿನ ಹೊಸ ನೀರು, ಹರಿಯುವ ಕೆಂಪು ನೀರು. ನಿಂತ ನೀರಲ್ಲಿ ಅವು ವಂಶ ಬೆಳೆಸಲು ಒಲ್ಲವು. ಆ ಹಟವನ್ನೂ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮುರಿದರು, ಪಿಟ್ಯುಟರಿ ಗ್ರಂಥಿಯ ರಸವನ್ನು ಮೀನಿಗೆ ಸೂಜಿಯಲ್ಲಿ ಕೊಟ್ಟು. ಅದಕ್ಕೇ ಜುಲೈ 10 ದೇಶದ ಮೀನು ಕೃಷಿಕರ ದಿನ. ಇವತ್ತು ಕೆರೆ ಕಟ್ಟೆಗೆ ಬಿಡುವ ಮರಿಗಳು ಬಹುಮಟ್ಟಿಗೆ ಸೂಜಿಯ ಸಂತಾನ. ಡಾಕ್ಟರು ಸೂಜಿ ಹಿಡಿದು ಬಂದ ದಿನವೇ ಅವಕ್ಕೆ ಹುಣ್ಣಿಮೆ.

ಇಷ್ಟೆಲ್ಲ ಹೇಳಿದರೂ ಕೌಠಾ ಸೇತುವೆಯ ಕೆಳಗೆ ಗಾಳ ಹಾಕಿ ಕೂತ ಹುಡುಗರು ನಂಬುವುದಿಲ್ಲ. ಬೀದರದಿಂದ ಔರಾದಕ್ಕೆ ಹೋಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ, ಜೋಳದ ಹಿಟ್ಟಿನ ಉಂಡೆ ಒಂದು ಕೈಯಲ್ಲಿ, ಮೊಬೈಲು ಇನ್ನೊಂದು ಕೈಯಲ್ಲಿ. ಮೊಬೈಲಿನಲ್ಲಿ ಒಂದು ಆ್ಯಪ್. ದಿನ ಒಳ್ಳೆಯದಿದ್ದರೆ ಸಾಲಾಗಿ ಮೀನಿನ ಚಿತ್ರ ತೋರಿಸುತ್ತದೆ. ಇದರ ಮೂಲಪುರುಷ ಜಾನ್ ಆಲ್ಡನ್ ನೈಟ್ ಎಂಬ ಅಮೆರಿಕದ ಗಾಳಗಾರ. 1926ರಲ್ಲಿ ಆತ ಹೂಡಿದ ವಾದವಿಷ್ಟೇ: ಚಂದ್ರ ನೆತ್ತಿಯ ಮೇಲಿದ್ದಾಗ ಮತ್ತು ನಮ್ಮ ಕಾಲಡಿಗೆ, ಭೂಮಿಯ ಆಚೆ ಬದಿಗೆ ಹೋದಾಗ ಮೀನಿಗೆ ದೊಡ್ಡ ಊಟ, ಚಂದ್ರ ಮೂಡುವಾಗ, ಮುಳುಗುವಾಗ ಚಹಾ ಚೂಡಾ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುವವನು. ಹಾಗಾಗಿ ಮೀನಿನ ಊಟವೂ ದಿನಾ 50 ನಿಮಿಷ ಮುಂದಕ್ಕೆ. ಎಂಥ ಸಹನೆಯ ಸಂಸಾರ ನೋಡಿ.

ಹುಡುಗರನ್ನು ಕೇಳಿದರೆ "ಪಕ್ಕಾ ಅದರಿ ಅಂಕಲ್" ಅನ್ನುತ್ತಾರೆ. ಆ್ಯಪ್ ನಾಲ್ಕು ಮೀನು ತೋರಿಸಿದ ದಿನ ಅವರು ಮಧ್ಯಾಹ್ನವೇ ಬಂದು, ಕತ್ತಲಾಗುವವರೆಗೆ ಕದಲದೆ, ಉಸಿರು ಬಿಗಿಹಿಡಿದು ಕೂರುತ್ತಾರೆ. ಒಂದೇ ಮೀನು ತೋರಿಸಿದ ದಿನ ಬರುವುದೇ ಇಲ್ಲ, ಬಂದರೂ ಅರ್ಧ ತಾಸಿಗೆ ಎದ್ದು ಭಜಿ ಅಂಗಡಿಗೆ. ಹೆಚ್ಚು ಹೊತ್ತು ಕೂತವನಿಗೆ ಹೆಚ್ಚು ಮೀನು ಸಿಕ್ಕರೆ ಅದರ ಕೀರ್ತಿ ಚಂದ್ರನಿಗೆ ಹೋಗುತ್ತದೆ. ಚಂದ್ರ ಬೇಡ ಅನ್ನುವುದಿಲ್ಲ. ಸೂರ್ಯನ ಬೆಳಕನ್ನೇ ತನ್ನದೆಂದು ಹೊತ್ತು ತಿರುಗುವವನಿಗೆ ಇದೇನು ಹೊಸದೇ?

ಹೊಟ್ಟೆಪಾಡಿಗೆ ಬಲೆ ಹಾಕುವವರ ಲೆಕ್ಕ ಇದಕ್ಕಿಂತ ಚೊಕ್ಕ. ಕಾರಂಜಾದ ಹಿನ್ನೀರಿನಲ್ಲಿ ಒಬ್ಬ ಕಾಕಾ ಇದ್ದಾರೆ. ಥರ್ಮಾಕೋಲಿನ ಚಪ್ಪಡಿಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಚಕ್ಕಳಮಕ್ಕಳ ಕೂತು, ಎರಡು ಅಂಗೈಯನ್ನೇ ಹುಟ್ಟು ಮಾಡಿಕೊಂಡು ಹೋಗುತ್ತಾರೆ. ಸಂಜೆ ಬಲೆಯನ್ನು ನೀರಲ್ಲಿ ಗೋಡೆಯಂತೆ ನಿಲ್ಲಿಸಿ ಬಂದರೆ ಬೆಳಗ್ಗೆ ಎತ್ತುವುದು. ಬಲೆ ಮುಳುಗದಿರಲೆಂದು ಮೇಲಂಚಿಗೆ ಹರಿದ ಹವಾಯಿ ಚಪ್ಪಲಿಯ ತುಂಡುಗಳನ್ನು ಪೋಣಿಸಿದ್ದಾರೆ. ನೀಲಿ, ಕೆಂಪು, ಒಂದರ ಮೇಲೆ ಯಾರದೋ ಹೆಬ್ಬೆರಳಿನ ಗುಳಿ ಹಾಗೇ ಇದೆ. ಒಂದು ಸಂಜೆ ಕೇಳಿದೆ:

"ಕಾಕಾ, ಇವತ್ತ ಹುಣ್ಣಿಮಿ. ಮೀನ ಜಾಸ್ತಿ ಬೀಳ್ತಾವೇನು?"

"ಎಲ್ಲಿ ಬೀಳ್ತಾವ್ರಿ ಸರ. ಬೆಳದಿಂಗಳದಾಗ ಬಲಿ ನಮಗ ಕಾಣ್ತದ, ಅವಕ್ಕ ಕಾಣಂಗಿಲ್ಲೇನು? ಅವ್ಕೂ ಕಣ್ಣ ಅದಾವ."

ಇಷ್ಟೇ ವಿಷಯ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಆದರೆ ಕತ್ತಲಲ್ಲೇ ಬಾಳುವೆ ಮಾಡುವ ಕಣ್ಣಿಗೆ ಅಷ್ಟು ಸಾಕು, ನೈಲಾನ್ ದಾರ ಕಂಡುಬಿಡುತ್ತದೆ. ಮೀನಿಗೆ ಊಟವಾಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೂ ಬೆಳಕಿಗೆ ಹೆದರಿ ಆಳಕ್ಕಿಳಿಯುತ್ತವೆ, ಅವುಗಳ ಹಿಂದೆ ಮೀನೂ ಇಳಿಯುತ್ತದೆ. ಕಡಲಿನಲ್ಲೂ ಇದೇ ಕಥೆ. ದೋಣಿಯಿಂದ ಪ್ರಖರ ದೀಪ ಬಿಟ್ಟು ಮೀನು ಸೆಳೆಯುವ ದಂಧೆಗೆ ಕಗ್ಗತ್ತಲ ರಾತ್ರಿಯೇ ಬೇಕು, ಬೆಳದಿಂಗಳಲ್ಲಿ ದೀಪ ಮಂಕು. ಈ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಚಂದ್ರನ ಮೇಲೆ ಮಾತ್ರ ಇನ್ನೂ ಯಾರೂ ಕೇಸು ಹಾಕಿಲ್ಲ.

"ಹಂಗಾದ್ರ ಅಮಾಸಿಗಿ ಛಲೋ ಅನ್ರಿ," ಅಂದೆ.

ಕಾಕಾ ಬೀಡಿ ಕಿವಿಯ ಮೇಲಿಂದ ತೆಗೆದರು. "ಅಮಾಸಿಗಿ ಮೀನ ಸಿಗ್ತಾವ್ರಿ. ತಗೊಳ್ಳೋರು ಸಿಗಂಗಿಲ್ಲ."

ನಮ್ಮೂರಿನಲ್ಲಿ ಮೀನು ಮಾರುವ ಖಾದರ್‌ಭಾಯಿಯ ದುಃಖವೂ ಇದೇ. ಚಂದ್ರ ನಮ್ಮ ಜಿಲ್ಲೆಯಲ್ಲಿ ಮೀನನ್ನು ಎಳೆಯುವುದಿಲ್ಲ, ಮೀನು ತಿನ್ನುವವರನ್ನು ಎಳೆಯುತ್ತಾನೆ. ಮನೆಮನೆಯ ಗೋಡೆಯಲ್ಲಿ ಅವನ ಆಜ್ಞಾಪತ್ರ ತೂಗುತ್ತಿರುತ್ತದೆ. ಒಬ್ಬರ ಮನೆಯಲ್ಲಿ ಶಾಬಾದಿಮಠದ ಪಂಚಾಂಗ, ಗಡಿಗೆ ಹತ್ತಿರದವರ ಮನೆಯಲ್ಲಿ ಮರಾಠಿಯ ಕಾಲನಿರ್ಣಯ, ಖಾದರ್‌ಭಾಯಿಯ ಮನೆಯಲ್ಲಿ ಹೈದರಾಬಾದಿನಿಂದ ಬಂದ ಉರ್ದು ಕ್ಯಾಲೆಂಡರು. ಮೂರಕ್ಕೂ ಯಜಮಾನ ಒಬ್ಬನೇ. ಅಮಾಸಿ ಬಂತು, ಒಲ್ಲೆ. ಸಂಕಷ್ಟಿ ಬಂತು, ಒಲ್ಲೆ. ಏಕಾದಶಿ ಬಂತು, ಪಂಢರಪುರದ ವಿಠಲನ ಮಾಳ ಹಾಕಿಕೊಂಡವರು ಹೇಗೂ ಒಲ್ಲರು, ಅವರ ಮೋರೆ ನೋಡಿ ಪಕ್ಕದ ಮನೆಯವರೂ ಒಲ್ಲರು. ಎಳ್ಳ ಅಮಾಸಿಗಂತೂ ಊರಿಗೆ ಊರೇ ಹೊಲದಲ್ಲಿ, ಭಜ್ಜಿ ಅಂಬಲಿ ಕಡುಬಿನ ಮುಂದೆ. ಅವತ್ತು ಮೀನಿನ ಹೆಸರೆತ್ತಿದರೆ ಎತ್ತು ಕೂಡ ತಿರುಗಿ ನೋಡುತ್ತದೆ.

ಒಂದೇ ಒಂದು ಅಮಾಸಿ ಇದಕ್ಕೆ ಹೊರತು: ಆಷಾಢದ ಕೊನೆಗೆ ಬರುವುದು. ನಾವು ನಾಗರ ಅಮಾಸಿ ಅನ್ನುತ್ತೇವೆ, ಗಡಿಯಾಚೆಯ ಮರಾಠಿಗರಲ್ಲಿ ಕೆಲವರು ಅದನ್ನೇ ಗಟಾರಿ ಅಂತ ನಗೆಯಾಡುತ್ತಾರೆ. ಮರುದಿನದಿಂದ ಶ್ರಾವಣ, ತಿಂಗಳಿಡೀ ಬಾಯಿಗೆ ಬೀಗ, ಅಷ್ಟರೊಳಗೆ ತಿಂದು ಮುಗಿಸಬೇಕು ಅನ್ನುವ ಅವಸರ. ಔರಾದ ಕಡೆಗೂ ಆ ಅವಸರದ ಗಾಳಿ ಬೀಸುತ್ತದೆ. ಆಮೇಲೆ ಶ್ರಾವಣ. ಹೊಳೆ ತುಂಬಿರುತ್ತದೆ, ಬಲೆ ತುಂಬಿರುತ್ತದೆ, ಪೇಟೆ ಖಾಲಿ. 2023ರಲ್ಲಿ ಇನ್ನೂ ಚಂದ. ಅಧಿಕ ಮಾಸ ಶ್ರಾವಣಕ್ಕೇ ಬಂದು, ಜುಲೈ 18ರಿಂದ ಸೆಪ್ಟೆಂಬರ್ 15ರವರೆಗೆ ಶ್ರಾವಣದ ಬೆನ್ನಿಗೆ ಶ್ರಾವಣ. ಅಧಿಕ ಲೆಕ್ಕಕ್ಕಿಲ್ಲ, ನಿಜ ಶ್ರಾವಣ ಮಾತ್ರ ಹಿಡಿದರೆ ಸಾಕು ಅಂತ ಗಂಡಸರು. ಅಧಿಕಕ್ಕೆ ಪುಣ್ಯವೂ ಅಧಿಕ ಅಂತ ಹೆಂಗಸರು. ಯಾರು ಗೆದ್ದರೆಂದು ಖಾದರ್‌ಭಾಯಿಯ ಬರ್ಫದ ಡಬ್ಬಿ ನೋಡಿದವರಿಗೆ ಗೊತ್ತು. ಅದಕ್ಕೂ ಹಿಂದೆ ಶ್ರಾವಣ ಹೀಗೆ ಜೋಡಿಯಾಗಿ ಬಂದದ್ದು 19 ವರ್ಷದ ಕೆಳಗೆ, 2004ರಲ್ಲಿ. ನಮ್ಮ ಮೀನುಗಾರಿಕೆ ವಿಶ್ವವಿದ್ಯಾಲಯಕ್ಕೆ ಕಾಯ್ದೆಯಾದ ವರ್ಷವೂ ಅದೇ. ಮುಹೂರ್ತ ಇಟ್ಟವರಿಗೆ ನಮಸ್ಕಾರ.

ಅಬ್ದುಲ್ ಖಾದರನಿಗೆ ತನ್ನ ಕಡೆಯ ಚಂದ್ರನಾದರೂ ದಯೆ ತೋರುತ್ತಾನೋ ಅಂದರೆ, ರಂಜಾನ್ ತಿಂಗಳಲ್ಲಿ ಹಲೀಮು, ಕಬಾಬುಗಳ ಮುಂದೆ ರೋಹುವನ್ನು ಕೇಳುವವರು ಯಾರು? ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು, ಅಧಿಕ ಮಾಸದ ತೇಪೆ ಅದಕ್ಕಿಲ್ಲ. ಹಾಗಾಗಿ ರಂಜಾನ್ ಋತುಗಳನ್ನೆಲ್ಲ ಸುತ್ತಿಕೊಂಡು ಬರುತ್ತದೆ. 2011ರ ಆಗಸ್ಟ್‌ನಲ್ಲಿ ರಂಜಾನ್, ಶ್ರಾವಣ ಎರಡೂ ಒಂದೇ ಚಂದ್ರನ ಕೆಳಗೆ ಬಂದು ಕೂತವು. ಇತ್ತ ಸೋಮವಾರದ ಉಪವಾಸ, ಅತ್ತ ರೋಜಾ. ಎರಡೂ ಓಣಿಗಳ ಹಗಲು ಒಲೆ ತಣ್ಣಗೆ. ಆ ತಿಂಗಳು ಮಾಂಜ್ರಾದ ಮೀನುಗಳಿಗೆ ಎರಡೂ ಧರ್ಮಗಳ ಆಶೀರ್ವಾದ.

ಖಾದರ್‌ಭಾಯಿಯ ಕೈ ಹಿಡಿಯುವವನು ಕೊನೆಗೆ ಸೂರ್ಯ. ಜೂನ್ 7, 8ರ ಸುಮಾರಿಗೆ ಮಿರಗ ಕೂಡುತ್ತದೆ, ಅಂದರೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುತ್ತಾನೆ. ಅವತ್ತು ಮೀನು ತಿಂದರೆ ಮಳೆಗಾಲದ ಕೆಮ್ಮು ನೆಗಡಿ ಬರುವುದಿಲ್ಲ ಅನ್ನುವ ನಂಬಿಕೆ ತೆಲಂಗಾಣದಲ್ಲಿ ಬಲವಾಗಿದೆ, ನಮ್ಮಲ್ಲೂ ಒಂದಷ್ಟು ಸುರಿದಿದೆ. ಹೈದರಾಬಾದಿನ ನಾಂಪಲ್ಲಿ ಮೈದಾನದಲ್ಲಿ ಬತ್ತಿನಿ ಮನೆತನದವರು ದಮ್ಮಿಗೆ ಔಷಧ ಅಂತ ಮದ್ದು ಇಟ್ಟ ಜೀವಂತ ಮೀನುಮರಿಯನ್ನು ಬಾಯಿಗೆ ಹಾಕುವುದೂ ಅದೇ ಹೊತ್ತಿಗೆ. ಶಾಕಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಡಾಕ್ಟರುಗಳು ಒಪ್ಪುವುದಿಲ್ಲ, ಸರದಿಯ ಸಾಲು ಕರಗುವುದಿಲ್ಲ. ಬೀದರದಲ್ಲಿ ಅವತ್ತು ಖಾದರ್‌ಭಾಯಿಯ ಗತ್ತೇ ಬೇರೆ. ವರ್ಷವಿಡೀ ಕಂಡರೂ ಕಾಣದಂತೆ ಹೋಗುವವರು "ಭಾಯ್, ಒಂದ ಕಿಲೋ" ಅಂತ ನಿಂತಿರುತ್ತಾರೆ, ಈತ ಕತ್ತು ಎತ್ತುವುದಿಲ್ಲ.

ಉಳಿದ ದಿನಗಳಿಗೆ ಆತನೂ ಉಪಾಯ ಕಂಡುಕೊಂಡಿದ್ದಾನೆ. ಅಮಾಸಿಯ ಕತ್ತಲಲ್ಲಿ ಕಾಕಾನಂಥವರು ಹಿಡಿದದ್ದನ್ನು ಕಡಿಮೆ ದರಕ್ಕೆ ಕೊಂಡು, ಬರ್ಫದಲ್ಲಿ ಮಲಗಿಸಿ, ಪಾಡ್ಯ ಬಿದಿಗೆಗೆ ಮಾರುವುದು. ಹೋದ ತಿಂಗಳು ಹೋಗಿ ಕಿವಿರು ಎತ್ತಿ ನೋಡಿ ಕೇಳಿದೆ:

"ತಾಜಾ ಏನ್ ಭಾಯ್?"

"ನಿನ್ನಿ ರಾತ್ರಿ ಹಿಡದದ್ದರಿ ಸಾಹೇಬ್ರ."

"ನಿನ್ನಿ ಅಮಾಸಿ ಇತ್ತಲ್ಲ?"

"ಅದಕ್ಕ ಸಿಕ್ಕಾವ್ರಿ."

"ಹಂಗಾದ್ರ ನಿಮಗ ಸಸ್ತಾದಾಗ ಬಂದಿರ್ತಾವ. ಇಪ್ಪತ್ತ ರೂಪಾಯಿ ಕಮ್ಮಿ ಮಾಡ್ರಿ."

ಖಾದರ್‌ಭಾಯಿ ಕಾಟ್ಲಾವನ್ನು ತಕ್ಕಡಿಯಿಂದ ಎತ್ತಿ ವಾಪಸ್ ಬರ್ಫದ ಮೇಲೆ ಇಟ್ಟ. "ಸಾಹೇಬ್ರ, ಸಸ್ತಾ ಬೇಕಂದ್ರ ನಿನ್ನಿ ಬರ್ಬೇಕಾಗಿತ್ತ."