ನಿಂಗೆಷ್ಟು ಬಂತು?

ಸಿಇಟಿಯ ಕೊಠಡಿ ಮೇಲ್ವಿಚಾರಕನ ಕೆಲಸಕ್ಕೆ ಕನ್ನಡ ಮೇಷ್ಟ್ರಷ್ಟು ಯೋಗ್ಯರು ಬೇರೆ ಯಾರೂ ಇಲ್ಲ. ಭೌತವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ನೆಟ್ಟಗೆ ಹಿಡಿದರೂ ತಲೆಕೆಳಗೆ ಹಿಡಿದರೂ ನನಗೆ ಒಂದೇ. ಹುಡುಗರ ಪಕ್ಕ ನಿಂತು ಬಗ್ಗಿ ನೋಡಿದರೂ ನನ್ನ ಮುಖದಿಂದ ಯಾರಿಗೂ ಯಾವ ಸುಳಿವೂ ಸಿಗುವುದಿಲ್ಲ. 60 ಪ್ರಶ್ನೆ, 80 ನಿಮಿಷ, ಒಎಂಆರ್ ಹಾಳೆಗಳ ಮೇಲೆ ನನ್ನದೊಂದು ಸಹಿ. ಅಲ್ಲಿಗೆ ವಿಜ್ಞಾನಕ್ಕೆ ನಾನು ಸಲ್ಲಿಸಬೇಕಾದ ಸೇವೆ ಮುಗಿಯಿತು. ಸಹೋದ್ಯೋಗಿಗಳು ನೆಪ ಹುಡುಕಿ ತಪ್ಪಿಸಿಕೊಳ್ಳುವ ಈ ಡ್ಯೂಟಿಯನ್ನು ನಾನು ಕೇಳಿ ಪಡೆಯುತ್ತೇನೆ. ಭತ್ಯೆಯ ಆಸೆಗೆ ಅಂತ ಅವರು ತಿಳಿದಿದ್ದಾರೆ, ತಿಳಿದಿರಲಿ. ನನಗೆ ಬೇಕಾದದ್ದು ಕೊನೆಯ ಬೆಲ್ಲಾದ ನಂತರದ ಹೊತ್ತು.

ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬೆವೆತು ತೊಪ್ಪೆಯಾದ ಮಕ್ಕಳು ಬಾಗಿಲು ದಾಟುವುದರೊಳಗೇ ಶುರು.

“ಹೇ, ಆ ಕೆಪಾಸಿಟರಿಂದು ನಿಂಗೆಷ್ಟು ಬಂತು?”

“ಎರಡು.”

“ನಂಗೆ ಒಂಬತ್ತು ಬಂತು ಮಾರಾಯ.”

“ಒಂಬತ್ತು ಹೇಗೆ ಬರ್ತದೆ?”

“ಬರದಿದ್ರೆ ಆಪ್ಷನಲ್ಲಿ ಯಾಕೆ ಕೊಡ್ತಾರೆ?”

ಈ ಕೊನೆಯ ಮಾತಿಗೆ ಉತ್ತರ ಕೊಡುವುದು ಕಷ್ಟ. ನಮ್ಮ ಫಿಸಿಕ್ಸ್ ಮೇಷ್ಟ್ರನ್ನು ಕೇಳಿದೆ. 3 ಮತ್ತು 6 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 2 ಬರುತ್ತದಂತೆ, ಸಮಾಂತರವಾಗಿ ಜೋಡಿಸಿದರೆ 9. ಸೂತ್ರ ಅದಲುಬದಲು ಮಾಡುವವರು ಇದ್ದೇ ಇರುತ್ತಾರೆ ಎಂದು ಗೊತ್ತಿದ್ದೇ ಪ್ರಶ್ನೆ ತೆಗೆದವರು ಆ 9 ಅನ್ನು ಅಲ್ಲಿ ಇಟ್ಟಿರುತ್ತಾರೆ. ಎಂಥ ಮುಂದಾಲೋಚನೆ ನೋಡಿ! ನೀವು ಯಾವ ತಪ್ಪು ಮಾಡಿದರೂ ಅದಕ್ಕೊಂದು ಉತ್ತರ ತಯಾರಿದೆ. ಬರಿಗೈಯಲ್ಲಿ ಯಾರನ್ನೂ ಕಳಿಸುವುದಿಲ್ಲ.

ಪ್ರಶ್ನೆಯ ಸಂಖ್ಯೆ ಹಿಡಿದು ಕೇಳುವವರ ಪಾಡು ಇನ್ನೊಂದು ಬಗೆ. “ಹದಿನೇಳನೇದು ಎಂತ ಹಾಕಿದ್ದಿ?” “ಸಿ.” “ಅಯ್ಯೋ ದೇವರೇ, ನಾನು ಎ!” ಆ ಹುಡುಗಿಯ ಕಣ್ಣಲ್ಲಿ ನೀರು. ಹದಿನೆಂಟು? ಅದೂ ಬೇರೆ. ಹತ್ತೊಂಬತ್ತು? ಅದೂ ಬೇರೆ. ಇಂಜಿನಿಯರಿಂಗ್ ಸೀಟು ಕಣ್ಣೆದುರೇ ಜಾರಿ ಹೋಗುತ್ತಿರುವಾಗ ಮೂರನೆಯವಳು ಬಂದು ಇಬ್ಬರ ಪತ್ರಿಕೆಯನ್ನೂ ಕಸಿದು ನೋಡುತ್ತಾಳೆ. “ನಿಮ್ಮ ವರ್ಷನ್ ಕೋಡೇ ಬೇರೆ ಬೇರೆ ಮಾರಾಯ್ತಿ!” ಪಕ್ಕದವರನ್ನು ನೋಡಿ ಬರೆಯಬಾರದು ಎಂದು ಪರೀಕ್ಷಾ ಪ್ರಾಧಿಕಾರ ಪ್ರಶ್ನೆಗಳ ಅನುಕ್ರಮವನ್ನೇ ಬದಲಿಸಿರುತ್ತದೆ. ಒಬ್ಬಳು ಮಸೂರಕ್ಕೆ ಅಳುತ್ತಿದ್ದಳು, ಇನ್ನೊಬ್ಬಳು ಅರೆವಾಹಕಕ್ಕೆ ಸಮಾಧಾನ ಹೇಳುತ್ತಿದ್ದಳು.

ಇಷ್ಟು ವರ್ಷ ಕಿವಿಗೊಟ್ಟು ನಿಂತ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಈ ಮಕ್ಕಳಿಗೆ ಸರಿಯುತ್ತರ ಬೇಕಾಗಿಲ್ಲ, ಜೊತೆ ಬೇಕು. ನಾಲ್ಕು ಜನಕ್ಕೆ 9 ಬಂದು ಒಬ್ಬನಿಗೆ 2 ಬಂತೆನ್ನಿ, ಸೋತವನು 2 ಬಂದವನೇ. ಸ್ವಲ್ಪ ಹೊತ್ತು ವಾದಿಸುತ್ತಾನೆ, ಆಮೇಲೆ “ನಾನೇ ಎಲ್ಲಿಯೋ ತಪ್ಪಿದೆ ಕಾಣ್ತದೆ” ಎಂದು ತಲೆ ತಗ್ಗಿಸುತ್ತಾನೆ. 9 ಬಂದ ನಾಲ್ವರು ಹಿಂದಿನ ದಿನದವರೆಗೆ ಮಾತೂ ಆಡದವರು, ಈಗ ಹೆಗಲ ಮೇಲೆ ಕೈ ಹಾಕಿಕೊಂಡು ಕ್ಯಾಂಟೀನಿನ ಕಡೆ ನಡೆಯುತ್ತಾರೆ. ಕ್ಲಾಸಿಗೆ ಮೊದಲು ಬರುವ ಹುಡುಗಿ ಅಲ್ಲೇ ಕಂಬಕ್ಕೆ ಒರಗಿ ನಿಂತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಿಬಿಡುತ್ತಾಳಲ್ಲ!

ಅವಳಾದರೂ ಸುಮ್ಮನಿರುತ್ತಾಳೆಯೇ? “ಎಲ್ಲ ಹಾಳಾಯ್ತು” ಅನ್ನುತ್ತಾಳೆ. ಅವಳ ನಿಘಂಟಿನಲ್ಲಿ ‘ಎಲ್ಲ’ ಅಂದರೆ ಎರಡು ಅಂಕ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಕೊನೆಯ ಐದು ನಿಮಿಷ ಕೊಠಡಿಯಲ್ಲಿ ಯಾರೂ ಲೆಕ್ಕ ಮಾಡುವುದಿಲ್ಲ, ಪೆನ್ನುಗಳು ವೃತ್ತ ತುಂಬಿಸುವ ಸದ್ದು ಮಾತ್ರ. ವಿಚಿತ್ರವೆಂದರೆ ಹೊರಗೆ ಬಂದು ಅದನ್ನೂ ಹೋಲಿಸುತ್ತಾರೆ. “ಗೊತ್ತಿಲ್ಲದ್ದಕ್ಕೆಲ್ಲ ನಾನು ಬಿ ಹಾಕಿದೆ.” “ಬಿ ಯಾಕೆ? ಸಿ ಹಾಕ್ಬೇಕಿತ್ತು. ಹೋದ ಸಲ ಸಿ ಜಾಸ್ತಿ ಇತ್ತಂತೆ.” ಓದಿ ಬರೆದದ್ದಕ್ಕಿಂತ ಹೆಚ್ಚು ನಿಷ್ಠೆಯಿಂದ ಈ ಚರ್ಚೆ ನಡೆಯುತ್ತದೆ. ಇದರಲ್ಲಿ ಎಲ್ಲರೂ ಪಂಡಿತರಷ್ಟೆ.

ಬೆಳಗಿನ ಪತ್ರಿಕೆ ಮುಗಿಯುವುದು 11.50ಕ್ಕೆ, ಮಧ್ಯಾಹ್ನದ್ದು ಶುರುವಾಗುವುದು 2.30ಕ್ಕೆ. ನಡುವಿನ ಈ ಹೊತ್ತಿನಲ್ಲಿ ಕಾಲೇಜಿನ ಹಲಸಿನ ಮರದಡಿ ಪೇಪರ್ ಹಾಸಿ ಕುಳಿತ ತಂದೆತಾಯಿಯರನ್ನು ನೋಡಬೇಕು. “ಆದದ್ದಾಯ್ತು, ಅದನ್ನು ಬಿಡು, ಕೆಮಿಸ್ಟ್ರಿ ನೋಡು” ಎಂದು ಮೊಸರನ್ನದ ಡಬ್ಬಿ ಮುಂದಿಡುತ್ತಾರೆ. ಮಗ ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಅಪ್ಪನೇ ಮೆಲ್ಲಗೆ, “ಅಂದಾಜು ಎಷ್ಟಾಗ್ಬಹುದು?” ಅಮ್ಮ ಕಣ್ಣು ಬಿಡುತ್ತಾಳೆ. ಅಪ್ಪ ಸುಮ್ಮನಾಗಿ ಪಕ್ಕದ ಮರದಡಿ ಹೋಗಿ ಬೇರೆಯವರ ಮಗನ ಅಂದಾಜು ಕೇಳಿಕೊಂಡು ಬರುತ್ತಾನೆ.

2024ರ ಸಿಇಟಿಯಲ್ಲಿ ಈ ಆಟದ ನಿಯಮವೇ ಬದಲಾಯಿತು. ಆ ವರ್ಷ ಮಕ್ಕಳು ಉತ್ತರ ಹೋಲಿಸುವುದನ್ನು ಬಿಟ್ಟು “ಇದು ಸಿಲಬಸ್ಸಲ್ಲಿ ಇತ್ತಾ?” ಎಂದು ಕೇಳತೊಡಗಿದರು. ಕೊನೆಗೆ ಪ್ರಾಧಿಕಾರ 50 ಪ್ರಶ್ನೆಗಳನ್ನು ಲೆಕ್ಕದಿಂದಲೇ ಕೈಬಿಟ್ಟಿತು. ಗಣಿತದ 15, ರಸಾಯನಶಾಸ್ತ್ರದ 15, ಜೀವಶಾಸ್ತ್ರದ 11, ಭೌತಶಾಸ್ತ್ರದ 9. ಅಂಥ ಪ್ರಶ್ನೆಯೊಂದಕ್ಕೆ ಗೇಟಿನ ಬಳಿ ಜಗಳವಾಡಿ ಮಾತು ಬಿಟ್ಟವರ ಗತಿ ಯೋಚಿಸಿ. ಸರಿ ಬರೆದವನಿಗೂ ಇಲ್ಲ, ತಪ್ಪು ಬರೆದವನಿಗೂ ಇಲ್ಲ. ಉಳಿದದ್ದು ಮಾತು ಬಿಟ್ಟದ್ದು ಮಾತ್ರ.

ಅದೇ ವರ್ಷದ ನೀಟ್‌ನಲ್ಲಂತೂ ಹೋಲಿಕೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪರಮಾಣುವಿನ ಬಗ್ಗೆ ಒಂದು ಪ್ರಶ್ನೆ. ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸತು ಓದಿದವರಿಗೆ ಇನ್ನೊಂದು. ಜಗಳ ಯಾಕೆ ಎಂದು ಪರೀಕ್ಷೆ ನಡೆಸಿದವರು ಎರಡಕ್ಕೂ ಅಂಕ ಕೊಟ್ಟಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ದೆಹಲಿ ಐಐಟಿಯ ಮೂವರು ತಜ್ಞರು ಕುಳಿತು ನಾಲ್ಕನೆಯ ಆಯ್ಕೆಯೊಂದೇ ಸರಿ ಎಂದರು. ಇನ್ನೊಂದನ್ನು ಬರೆದ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸಿಕ್ಕಿದ್ದ 4 ಅಂಕ ಹೋಗಿ, ದಂಡದ 1 ಸೇರಿ ಒಟ್ಟು 5 ಖೋತಾ. 720ಕ್ಕೆ 720 ಪಡೆದಿದ್ದವರಲ್ಲೇ 44 ಜನ ಕೆಳಗಿಳಿದರು. ಅಕ್ಕನ ಪುಸ್ತಕವೇ ಸಾಕು, ಹೊಸತು ಯಾಕೆ ಎಂದ ಮನೆಗಳಲ್ಲಿ ಅಂದು ಏನೇನು ಮಾತಾಯಿತೋ! ನಾಲ್ಕು ಲಕ್ಷ ಜನರ ಜೊತೆ ಸಿಕ್ಕರೂ ಸಾಲದು ಎಂದ ಏಕೈಕ ಸಂದರ್ಭ ಇದೇ ಇರಬೇಕು.

ನನಗೂ ಒಂದು ದಿನ ಬರುತ್ತದೆ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಸಿಇಟಿಯ ಆಸುಪಾಸಿನಲ್ಲಿ 50 ಅಂಕದ ಕನ್ನಡ ಪರೀಕ್ಷೆ ಉಂಟು. ಕಾಸರಗೋಡಿನ ಮಕ್ಕಳು ಬೆಳಗಿನ ರೈಲು ಹತ್ತಿ ಬಂದು ಬರೆಯುತ್ತಾರೆ. ಆ ದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ಬೇಕೆಂದೇ ನಿಧಾನವಾಗಿ ನಡೆಯುತ್ತೇನೆ. ಹೋದ ಸಲ ಅಂತೂ ಇಬ್ಬರು ಹುಡುಗಿಯರು ಹಿಡಿದು ನಿಲ್ಲಿಸಿದರು.

“ಸರ್, ಕೆಂದಾವರೆ ಯಾವ ಸಮಾಸ?”

ನಾನು ಕನ್ನಡಕ ತೆಗೆದು ಒರೆಸಿ, ಕೆಚ್ಚನೆಯ ಎಂಬ ವಿಶೇಷಣದಿಂದ ಶುರುಮಾಡಿ, ತಾವರೆಗೆ ಬಂದು, ಸಂಧಿಯನ್ನೂ ಬಿಡಿಸಿ, “ಕರ್ಮಧಾರಯ” ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಗೆಳತಿಯ ಕಡೆ ತಿರುಗಿದಳು.

“ನೀನು ಎಂತ ಹಾಕಿದ್ದು?”

“ತತ್ಪುರುಷ.”

“ನಾನೂ ತತ್ಪುರುಷವೇ. ಹಾಗಾದ್ರೆ ಸರಿ ಉಂಟು, ಬಾ.”